ಹಿಂಡಿನ ಪಕ್ಕ ನಿಂತವರು

(ಠಾಣಾ ಕುಶನೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸವೆಂದರೆ ವಚನ, ತತ್ವಪದ, ಇಲ್ಲವೇ ಏಕೀಕರಣ ಎಂಬುದು ನಮ್ಮ ಭಾಗದಲ್ಲಿ ಯಾರೂ ಬರೆದಿಡದ ಕಟ್ಟಳೆ. ಕುರಿ ಕಾಯುವವರ ಬಗ್ಗೆ ಮಾತಾಡುತ್ತೇನೆ ಅಂದಾಗ ಸಂಘಟಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಗಲ್ರೀ ಸರ್, ಆದ್ರ ಒಮ್ಮಿ ಬಸವಣ್ಣನವರ ಹೆಸರು ತಗೋರಿ’ ಅಂದರು. ತೆಗೆದುಕೊಂಡಾಯಿತು. ಇನ್ನು ಕುರಿಗೆ ಬರೋಣ.

ಕುರಿ, ಮೇಕೆ, ದನ ನಂಬಿ ಬದುಕುವ ಊರುಗಳ ಮೇಲೆ ಪಕ್ಕದವರ ಕಣ್ಣು ಬೀಳುತ್ತದೆ. ಮೇಯುವ ನೆಲ ಸರಿಯುತ್ತ ಹೋಗುತ್ತದೆ. ಆಗ ಆ ಊರಿನ ನಂಟಿಲ್ಲದ, ನೆಂಟಸ್ತಿಕೆಯಿಲ್ಲದ ಕೆಲವರು ಎಲ್ಲಿಂದಲೋ ಬಂದು ಹಿಂಡಿನ ಪಕ್ಕ ನಿಲ್ಲುತ್ತಾರೆ. ಅವರ ಕೈಯಲ್ಲಿ ಕೋವಿಯಿಲ್ಲ, ಸರ್ಕಾರಿ ಮೊಹರಿಲ್ಲ. ಹೀಗೆ ನಿಲ್ಲುವುದರಿಂದ ಏನಾದರೂ ಆಗುತ್ತದೆಯೇ, ಆಗುವುದಾದರೆ ಯಾರು ನಿಂತರೆ ಆಗುತ್ತದೆ ಎಂಬುದಷ್ಟೇ ಇವತ್ತಿನ ನನ್ನ ವಿಷಯ. ಮೊದಲು ದೂರದ ಊರಿಗೆ ಹೋಗಿ, ಅಲ್ಲಿಂದ ನಮ್ಮ ಬಾಂದಿನವರೆಗೆ ಬರುತ್ತೇನೆ.

ಜೋರ್ಡಾನ್ ನದಿಯ ಪಶ್ಚಿಮ ದಂಡೆಯಲ್ಲಿ ಹೆಬ್ರಾನ್ ಎಂಬ ಪಟ್ಟಣವಿದೆ. ಅದರ ದಕ್ಷಿಣಕ್ಕೆ ಬೋಳುಗುಡ್ಡಗಳ ಸೀಮೆ, ಹೆಸರು ಮಸಾಫರ್ ಯತ್ತಾ. ನಮ್ಮ ಔರಾದ್ ಕಡೆ ಬೀಳುವ ಮಳೆಯ ಅರ್ಧವೂ ಅಲ್ಲಿ ಬೀಳುವುದಿಲ್ಲ. ಸುಣ್ಣದ ಕಲ್ಲಿನ ಗವಿಗಳಲ್ಲಿ, ತಗಡಿನ ಶೆಡ್ಡುಗಳಲ್ಲಿ ಪ್ಯಾಲೆಸ್ತೀನಿ ಕುರಿಗಾಹಿ ಕುಟುಂಬಗಳು ತಲೆಮಾರುಗಳಿಂದ ಇವೆ. ಮಳೆಗಾಲದ ಹುಲ್ಲು, ತೊಟ್ಟಿಯಲ್ಲಿ ಹಿಡಿದಿಟ್ಟ ನೀರು, ಸ್ವಲ್ಪ ಗೋಧಿ, ಸ್ವಲ್ಪ ಬಾರ್ಲಿ, ಉಳಿದದ್ದೆಲ್ಲ ಕುರಿ. 1967ರ ಯುದ್ಧದ ನಂತರ ಈ ದಂಡೆ ಇಸ್ರೇಲಿ ಸೇನೆಯ ಹಿಡಿತಕ್ಕೆ ಬಂತು. 1980ರ ದಶಕದ ಆರಂಭದಲ್ಲಿ ಸೇನೆ ಇಲ್ಲಿಯ ಸುಮಾರು 30,000 ದುನುಮ್ ನೆಲವನ್ನು, ಅಂದರೆ ನಮ್ಮ ಲೆಕ್ಕದಲ್ಲಿ ಏಳು ಸಾವಿರ ಎಕರೆಗೂ ಹೆಚ್ಚು ಜಾಗವನ್ನು, ಗುಂಡು ಹಾರಿಸುವ ತರಬೇತಿಗೆಂದು ಗೊತ್ತುಮಾಡಿ 918 ಅಂತ ನಂಬರು ಹಾಕಿತು. 1999ರ ಕೊನೆಯಲ್ಲಿ ಸುಮಾರು 700 ಜನರನ್ನು ಲಾರಿಗೆ ಹತ್ತಿಸಿ ಹೊರಹಾಕಿದರು. ಕೆಲವೇ ತಿಂಗಳಲ್ಲಿ ಇಸ್ರೇಲಿನ ಉಚ್ಚ ನ್ಯಾಯಾಲಯ ಮಧ್ಯಂತರ ಆದೇಶ ಕೊಟ್ಟಿತು, ಜನ ಮರಳಿದರು. ಕೇಸು ಇಪ್ಪತ್ತು ವರ್ಷ ದಾಟಿ ನಡೆದು 2022ರ ಮೇ 4ರಂದು ಅರ್ಜಿಗಳು ವಜಾ ಆದವು. ವಲಯ ಘೋಷಿಸಿದಾಗ ಅಲ್ಲಿ ಖಾಯಂ ವಾಸವಿದ್ದವರು ಯಾರೂ ಇರಲಿಲ್ಲ ಎಂಬುದು ಸರ್ಕಾರದ ವಾದ. ಋತುಮಾನ ನೋಡಿ ಹಿಂಡು ಹೊಡೆದುಕೊಂಡು ಹೋಗುವವನ ಮನೆಯನ್ನು ಯಾವ ಕೋರ್ಟಿಗೆ ಖಾಯಂ ಅಂತ ತೋರಿಸಲಾದೀತು?

ಇದರ ಬೇರು ಇನ್ನೂ ಹಿಂದಿದೆ. 1858ರಲ್ಲಿ ಆಟೋಮನ್ ತುರ್ಕರು ಒಂದು ಭೂ ಕಾನೂನು ಮಾಡಿದರು. ಉಳುಮೆ ಮಾಡಿದವನಿಗೆ ಹಕ್ಕು, ಉಳದೆ ಬಿಟ್ಟದ್ದು ದೊರೆಗೆ. 1980ರ ಸುಮಾರಿನಿಂದ ಇಸ್ರೇಲ್ ಅದೇ ಹಳೆಯ ಕಾನೂನನ್ನು ಕೈಗೆತ್ತಿಕೊಂಡು ಪಶ್ಚಿಮ ದಂಡೆಯ ದೊಡ್ಡ ಭಾಗವನ್ನು ಸರ್ಕಾರಿ ನೆಲವೆಂದು ಸಾರಿತು. ನೇಗಿಲ ಗೆರೆಗೆ ಸಿಗುವ ಮಾನ್ಯತೆ ಕುರಿಯ ಕಾಲ್ದಾರಿಗೆ ಸಿಗಲಿಲ್ಲ. ಇಲ್ಲಿ ಕುಳಿತಿರುವ ತಲಾಠಿಗಳು ನಗುತ್ತಿದ್ದಾರೆ. ನಮ್ಮ ಪಹಣಿಯಲ್ಲೂ ಅದೇ ಕಥೆ ಅಂತ ಅವರಿಗೆ ಗೊತ್ತು.

ಈಗ ಪಕ್ಕದವರ ವಿಷಯ. ಗುಡ್ಡದ ನೆತ್ತಿಗಳ ಮೇಲೆ ಇಸ್ರೇಲಿ ವಲಸಿಗರ ನೆಲೆಗಳಿವೆ. ಅವುಗಳಿಂದ ಆಚೆ, ಕಳೆದ ಕೆಲವು ವರ್ಷಗಳಲ್ಲಿ ಹೊಸದೊಂದು ಬಗೆ ಬಂದಿದೆ: ಒಂದು ಕುಟುಂಬ, ಎರಡು ಶೆಡ್ಡು, ನಾಲ್ಕಾರು ಹದಿಹರೆಯದ ಹುಡುಗರು, ಒಂದು ಕುರಿ ಹಿಂಡು. ನೂರು ಮನೆಯ ಬಡಾವಣೆ ಕಟ್ಟಲು ಎಷ್ಟೋ ವರ್ಷ, ಎಷ್ಟೋ ಕೋಟಿ ಬೇಕು. ಕುರಿ ಹಿಂಡಿಗೆ ಬೆಳಗಾದರೆ ಸಾಕು. ಹುಡುಗ ತನ್ನ ಹಿಂಡನ್ನು ಪ್ಯಾಲೆಸ್ತೀನಿಯ ಬಾರ್ಲಿ ಹೊಲಕ್ಕೆ, ಅವನ ಮನೆಯಂಗಳದ ತನಕ ನುಗ್ಗಿಸುತ್ತಾನೆ. ತಡೆದರೆ ಸೇನೆಗೆ ಫೋನು. ಹೀಗೆ ಸಾವಿರಾರು ಎಕರೆ ಹುಲ್ಲು ನಾಲ್ಕು ಹುಡುಗರ ಕೈಗೆ ಹೋಗುತ್ತದೆ. ನೆಲ ಕಸಿಯಲು ಕುರಿಯನ್ನೇ ಬಳಸುವ ಈ ಉಪಾಯ ಕುರಿ ಕಂಡ ನಮ್ಮ ಜನಕ್ಕೆ ಬೇಗ ಅರ್ಥವಾಗುತ್ತದೆ.

ಕುರಿಗಾಹಿಯ ಪಕ್ಕ ನಿಲ್ಲಲು ಅಲ್ಲಿಗೆ ಬರುವವರಲ್ಲಿ ತಾಯುಷ್ ಎಂಬುದು ಒಂದು ಗುಂಪು. 2000ದಲ್ಲಿ ಯಹೂದಿ ಮತ್ತು ಪ್ಯಾಲೆಸ್ತೀನಿ ನಾಗರಿಕರು ಕೂಡಿ ಕಟ್ಟಿಕೊಂಡದ್ದು. ಶನಿವಾರ ಜೆರುಸಲೇಮಿನಿಂದ ಹೊರಟು, ಕುರಿಗಾಹಿಯ ಜೊತೆ ಗುಡ್ಡ ಹತ್ತಿ, ಅವನು ಮೇಯಿಸುವಷ್ಟು ಹೊತ್ತು ಅಲ್ಲೇ ಇರುತ್ತಾರೆ. ಈ ಗುಂಪಿನಲ್ಲಿ ಬಹಳ ವರ್ಷ ದುಡಿದ ಒಬ್ಬರ ಹೆಸರು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬೇಕು: ಡೇವಿಡ್ ಶುಲ್ಮನ್. ತೆಲುಗು, ತಮಿಳು, ಸಂಸ್ಕೃತಗಳ ದೊಡ್ಡ ವಿದ್ವಾಂಸರು, ವೆಲ್ಚೇರು ನಾರಾಯಣರಾವ್ ಅವರ ಜೊತೆ ತೆಲುಗು ಕಾವ್ಯದ ಮೇಲೆ ಕೆಲಸ ಮಾಡಿದವರು. ಗುಡ್ಡದ ಮೇಲಿನ ಅನುಭವಗಳನ್ನು 2007ರಲ್ಲಿ ಪುಸ್ತಕ ಮಾಡಿದರು. 2016ರಲ್ಲಿ ಇಸ್ರೇಲಿನ ಅತ್ಯುನ್ನತ ಗೌರವವಾದ ಇಸ್ರೇಲ್ ಪ್ರಶಸ್ತಿ ಬಂದಾಗ ಅದರ 75,000 ಶೆಕೆಲ್ ಹಣವನ್ನು ತಾಯುಷ್‌ಗೆ ಕೊಟ್ಟುಬಿಟ್ಟರು. ನಮ್ಮ ವಿಶ್ವವಿದ್ಯಾಲಯಗಳ ಎಷ್ಟು ಜನ ಸಾಹಿತ್ಯದ ಪ್ರಾಧ್ಯಾಪಕರು ಶನಿವಾರ ಕುರಿಗಾಹಿಯ ಜೊತೆ ಕಳೆದಾರು ಎಂಬ ಲೆಕ್ಕ ಇಲ್ಲಿ ಬೇಡ.

ಅವರ ಕೆಲಸ ಬಹುಪಾಲು ಕಾಯುವ ಕೆಲಸ. ಕುರಿ ಮೇಯುತ್ತಿರುತ್ತದೆ, ಇವರು ಕಲ್ಲಿನ ಮೇಲೆ ಕುಳಿತಿರುತ್ತಾರೆ. ನೆತ್ತಿಯಿಂದ ವಲಸಿಗರು ಇಳಿಯುತ್ತಾರೆ, ಹಿಂದೆಯೇ ಸೇನೆಯ ಜೀಪು. ಅಧಿಕಾರಿ ಒಂದು ಕಾಗದ ತೆಗೆಯುತ್ತಾನೆ: ಈ ಜಾಗವನ್ನು ಇಂದು ಮುಚ್ಚಲಾಗಿದೆ, ಎಲ್ಲರೂ ಹೊರಡಿ. ‘ಎಲ್ಲರೂ’ ಅಂದರೂ ಹೊರಡಬೇಕಾದವನು ಕುರಿಗಾಹಿಯೇ. ಆಗ ಇವರು ಕಾಗದ ಕೈಗೆ ಕೇಳುತ್ತಾರೆ. ಸಹಿ ಯಾರದು, ತಾರೀಖು ಯಾವುದು, ನಕಾಶೆ ಲಗತ್ತಾಗಿದೆಯೇ, ಗೆರೆ ಎಲ್ಲಿಂದ ಎಲ್ಲಿಗೆ? ಒಕ್ಕಲಿಗನನ್ನು ದಾಳಿಕೋರರಿಂದ ಕಾಪಾಡುವ ನೆಪದಲ್ಲಿ ಅವನನ್ನೇ ಅವನ ಹೊಲದಿಂದ ಹೊರಹಾಕುವಂತಿಲ್ಲ ಎಂದು 2006ರಲ್ಲಿ ಅದೇ ಉಚ್ಚ ನ್ಯಾಯಾಲಯ ಹೇಳಿದೆ. ಅದನ್ನು ಹೀಬ್ರೂವಿನಲ್ಲಿ, ಸೈನಿಕನ ತಾಯಿನುಡಿಯಲ್ಲಿ, ಅವನ ಮುಖ ನೋಡಿ ಹೇಳಲು ಅಲ್ಲೊಬ್ಬ ಇಸ್ರೇಲಿ ಇದ್ದಾನೆ ಎಂಬುದೇ ಎಷ್ಟೋ ಸಲ ಆ ದಿನದ ಮೇವನ್ನು ಉಳಿಸಿದೆ.

ಇನ್ನೊಂದು ಉದಾಹರಣೆ. ತೂಬಾ ಎಂಬ ಹಟ್ಟಿಯ ಮಕ್ಕಳು ಅತ್-ತುವಾನಿಯ ಶಾಲೆಗೆ ಹೋಗಬೇಕಾದರೆ ಒಂದು ವಲಸಿಗರ ನೆಲೆಯ ಅಂಚಿನಲ್ಲೇ ಹಾಯಬೇಕು. ಮಕ್ಕಳ ಮೇಲೂ, ಜೊತೆಗಿದ್ದ ವಿದೇಶಿ ಸ್ವಯಂಸೇವಕರ ಮೇಲೂ ಹಲ್ಲೆಯಾದ ನಂತರ 2004ರಿಂದ ಸೇನೆಯ ಜೀಪೊಂದು ಮಕ್ಕಳ ಜೊತೆ ಹೋಗಬೇಕೆಂದಾಯಿತು. ಜೀಪು ತಡವಾಗಿ ಬರುತ್ತಿತ್ತು, ಬಾರದೆಯೂ ಇರುತ್ತಿತ್ತು. ಇಟಲಿಯಿಂದ ಬಂದ ಯುವಕರು ದಾರಿಯ ಬದಿ ಕುಳಿತು ಬರೆದುಕೊಳ್ಳುತ್ತಿದ್ದರು: ಇವತ್ತು ಎಷ್ಟು ಗಂಟೆಗೆ ಬಂತು, ಸೈನಿಕರು ಇಳಿದು ನಡೆದರೇ, ಎಷ್ಟು ಮಕ್ಕಳು, ಯಾರಾದರೂ ಅಡ್ಡ ಬಂದರೇ. ವರ್ಷಗಟ್ಟಲೆ ಅದೇ ನೋಟ್‌ಬುಕ್. ಓದಲು ಇದರಷ್ಟು ನೀರಸವಾದ ಬರವಣಿಗೆ ಇನ್ನೊಂದಿಲ್ಲ. ಆದರೆ ಸೇನೆ ‘ನಾವು ದಿನಾ ಹೋಗಿದ್ದೇವೆ’ ಅಂದಾಗ ಎದುರಿಗೆ ಇಡಲು ಬೇರೇನೂ ಇರಲಿಲ್ಲ.

ಇಷ್ಟಾದರೂ ಸಾಲದು ಎಂಬುದನ್ನೂ ಹೇಳಬೇಕು. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, ಗಾಜಾದ ಮೇಲೆ ಯುದ್ಧ ಶುರುವಾಯಿತು, ಜಗತ್ತಿನ ಕಣ್ಣು ಅತ್ತ ಹೋಯಿತು. ಅದೇ ತಿಂಗಳ ಕೊನೆಯಲ್ಲಿ ಖಿರ್ಬೆತ್ ಜನೂತಾ ಎಂಬ ಕುರಿಗಾಹಿ ಹಳ್ಳಿ ಪೂರ್ತಿ ಗುಳೆ ಎದ್ದಿತು. ಮುಂದೆ ಕೋರ್ಟು ಮರಳಲು ಬಿಡಿ ಎಂದಿತು, ಕೆಲವರು ಮರಳಿದರು, ಬದುಕಲು ಬಿಡದೆ ಮತ್ತೆ ಓಡಿಸಿದರು. ಮಸಾಫರ್ ಯತ್ತಾ ಸೀಮೆಯ ಮೇಲೆ ಇಬ್ಬರು ಪ್ಯಾಲೆಸ್ತೀನಿಯರು, ಇಬ್ಬರು ಇಸ್ರೇಲಿಗಳು ಕೂಡಿ ಮಾಡಿದ ‘ನೋ ಅದರ್ ಲ್ಯಾಂಡ್’ ಸಾಕ್ಷ್ಯಚಿತ್ರಕ್ಕೆ 2025ರ ಮಾರ್ಚಿನಲ್ಲಿ ಆಸ್ಕರ್ ಬಂತು. ಅದೇ ವರ್ಷ ಜುಲೈ 28ರಂದು, ಆ ಚಿತ್ರಕ್ಕೆ ನೆರವಾಗಿದ್ದ ಅವ್ದಾ ಹತಾಲೀನ್ ಎಂಬ ಶಿಕ್ಷಕರು ಉಮ್ಮ್ ಅಲ್-ಖೈರ್‌ನಲ್ಲಿ ಗುಂಡಿಗೆ ಬಲಿಯಾದರು. ಪ್ರಶಸ್ತಿಯಿಂದ ಹುಲ್ಲುಗಾವಲು ಉಳಿಯುವುದಿಲ್ಲ.

ಹೀಗೆ ಬರಿಗೈಯಲ್ಲಿ ಪಕ್ಕ ನಿಲ್ಲುವ ಪದ್ಧತಿ ನಮಗೆ ಹೊರಗಿನದಲ್ಲ. 1946ರ ನವೆಂಬರಿನಲ್ಲಿ ಗಾಂಧೀಜಿ ಕೋಮುಗಲಭೆಗೆ ಸಿಕ್ಕ ನೌಖಾಲಿಗೆ ಹೋದಾಗ ತಮ್ಮ ಜೊತೆಗಾರರನ್ನು ಒಬ್ಬೊಬ್ಬರನ್ನಾಗಿ ಒಂದೊಂದು ಹಳ್ಳಿಯಲ್ಲಿ ಕೂರಿಸಿದರು. ಕಾವಲಿಲ್ಲ, ಕಚೇರಿಯಿಲ್ಲ, ಊರ ಜನರ ನಡುವೆ ಒಬ್ಬರೇ. ವಿನೋಬಾ 1957ರಲ್ಲಿ ಕಟ್ಟಿದ ಶಾಂತಿಸೇನೆ ಅದರ ಮುಂದುವರಿಕೆ. ಗಾಂಧೀಜಿಯ ಕಾರ್ಯದರ್ಶಿ ಮಹಾದೇವ ದೇಸಾಯಿಯವರ ಮಗ ನಾರಾಯಣ ದೇಸಾಯಿ ಶಾಂತಿಸೇನೆಯ ಅನುಭವ ಹೊತ್ತು ಹೋಗಿ 1981ರಲ್ಲಿ ಅಂತಾರಾಷ್ಟ್ರೀಯ ಶಾಂತಿ ದಳವೊಂದರ ಸ್ಥಾಪಕರಲ್ಲಿ ಒಬ್ಬರಾದರು. ಜಗತ್ತಿನ ಬೇರೆ ಬೇರೆ ಕಡೆ ಇವತ್ತು ನಡೆಯುವ ನಿಶ್ಶಸ್ತ್ರ ಕಾವಲಿನ ಒಂದು ಬೇರು ಹೀಗೆ ನೌಖಾಲಿಯ ಕೆಸರಿನಲ್ಲಿದೆ.

ನಮ್ಮ ಬೀದರ್ ಜಿಲ್ಲೆಗೂ ಒಮ್ಮೆ ಹೊರಗಿನವರು ನೋಡಲು ಬಂದಿದ್ದರು. ಇದನ್ನು ನಮ್ಮ ಸಭೆಗಳಲ್ಲಿ ಯಾರೂ ಹೆಚ್ಚು ಎತ್ತುವುದಿಲ್ಲ. ನಿಜಾಮನ ಕಡೆಯ ರಜಾಕಾರರ ಹಾವಳಿ, 1948ರ ಮೇ ತಿಂಗಳಲ್ಲಿ ಗೋರ್ಟಾದಲ್ಲಿ ಹರಿದ ರಕ್ತ, ಇವನ್ನು ನಮ್ಮ ಹಿರಿಯರು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಸೆಪ್ಟೆಂಬರ್ 13ರಿಂದ ಭಾರತ ಸೇನೆಯ ಐದು ದಿನದ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ತಿರುಗುಬಾಣವಾಯಿತು. ರಜಾಕಾರರೊಂದಿಗೆ ಯಾವ ಸಂಬಂಧವೂ ಇಲ್ಲದ ಬಡ ಮುಸಲ್ಮಾನ ಕುಟುಂಬಗಳು ಅದಕ್ಕೆ ಸಿಕ್ಕಿದವು. ನೆಹರೂ ಅವರ ಕೋರಿಕೆಯ ಮೇರೆಗೆ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮುಂತಾದವರ ತಂಡವೊಂದು ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಹೈದರಾಬಾದ್ ಸಂಸ್ಥಾನದ ಒಂಬತ್ತು ಜಿಲ್ಲೆ ಸುತ್ತಿತು. ನೂರಕ್ಕೂ ಹೆಚ್ಚು ಹಳ್ಳಿಗಳ ಐನೂರಕ್ಕೂ ಮೇಲ್ಪಟ್ಟ ಜನರನ್ನು ಕೂರಿಸಿ ಕೇಳಿತು. ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳ ಹೆಸರು ಬರೆಯಿತು: ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಆ ವರದಿ ಅರವತ್ತು ವರ್ಷಕ್ಕೂ ಮೇಲೆ ಕಪಾಟಿನಲ್ಲಿ ಮಲಗಿತ್ತು.

ಒಳ್ಳೆಯ ಮನಸ್ಸಿನ ಜನ ಅವರು, ಬಂದರು, ಕೇಳಿದರು, ಬರೆದರು. ಆದರೆ ಬಂದದ್ದು ಎಲ್ಲ ಮುಗಿದ ಮೇಲೆ. ಆದ ದಿನ ಯಾರನ್ನಾದರೂ ಉಳಿಸಿದ್ದರೆ ಅದು ಅದೇ ಓಣಿಯ ಹಿಂದೂಗಳು. ಜೀವ ಒತ್ತೆಯಿಟ್ಟು ಪಕ್ಕದ ಮನೆಯವರನ್ನು ಕಾಪಾಡಿದವರಿದ್ದರು ಎಂಬುದನ್ನು ಆ ವರದಿಯೇ ದಾಖಲಿಸಿದೆ. ನನಗೆ ಮುಖ್ಯವಾಗಿ ಕಾಣುವುದು ಇದು. ದೆಹಲಿಯಿಂದ ಬಂದವನಿಗಿಂತ, ಆ ದಿನ ಮೇಲುಗೈ ಇದ್ದ ಕಡೆಯವನೇ ಬಾಗಿಲಿಗೆ ಅಡ್ಡ ನಿಂತರೆ ಹೊಡೆಯುವ ಕೈ ತಡೆಯುತ್ತದೆ. ಶುಲ್ಮನ್ ಗುಡ್ಡದ ಮೇಲೆ ಕೆಲಸಕ್ಕೆ ಬರುವುದೂ ಅವರು ವಿದ್ವಾಂಸರೆಂದಲ್ಲ, ಇಸ್ರೇಲಿ ಎಂದು.

ಈಗ ಕನ್ನಡನಾಡಿನ ಒಂದು ಹುಲ್ಲುಗಾವಲಿಗೆ ಬರುತ್ತೇನೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕಿನಲ್ಲಿ ಅಮೃತಮಹಲ್ ಕಾವಲುಗಳಿವೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆಂದು ಬೆಣ್ಣೆ ಚಾವಡಿ ಹೆಸರಿನಲ್ಲಿ ನಡೆಯುತ್ತಿದ್ದ ಈ ವ್ಯವಸ್ಥೆಯನ್ನು ಹೈದರ್ ಬೆಳೆಸಿದ, ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟ. ತೋಪು ಎಳೆದು ರಾತ್ರೋರಾತ್ರಿ ಮೈಲಿಗಟ್ಟಲೆ ಸಾಗುವ ಎತ್ತುಗಳು ಅವು, ಟಿಪ್ಪುವಿನ ನಂತರ ಇಂಗ್ಲಿಷರು ಅದೇ ಎತ್ತು ಹೂಡಿ ಯುದ್ಧ ಮಾಡಿದರು. ದೊರೆ ಬದಲಾದರೂ ಕಾವಲು ಉಳಿಯಿತು. ಮ್ಯಾಸಬೇಡರ ದೇವರೆತ್ತು, ಗೊಲ್ಲರ ದನ, ಕುರುಬರ ಕುರಿ ಅಲ್ಲೇ ಮೇದವು. ಆ ಕುರಿಯ ಉಣ್ಣೆಯಿಂದ ಚಳ್ಳಕೆರೆ ಕಂಬಳಿ. ನಮ್ಮ ಕಡೆಯ ಅಜ್ಜಂದಿರ ಹೆಗಲ ಮೇಲೂ ಆ ಕಂಬಳಿ ಇರುತ್ತಿತ್ತು.

2007ರಿಂದ 2010ರ ಆಸುಪಾಸಿನಲ್ಲಿ ಉಳ್ಳಾರ್ತಿ, ಖುದಾಪುರ, ವರವು ಕಾವಲುಗಳ ಸುಮಾರು 10,000 ಎಕರೆ ಬೇರೆ ಬೇರೆ ಸಂಸ್ಥೆಗಳ ಹೆಸರಿಗೆ ಹೋಯಿತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573, ಸೌರಶಕ್ತಿಯ ಒಂದು ಖಾಸಗಿ ಕಂಪನಿಗೆ 1,250. ಅಲ್ಲಿ ದನ ಮೇಯಿಸುತ್ತಿದ್ದವರಿಗೆ ಇದು ತಿಳಿದದ್ದು ಗೋಡೆ ಏಳಲು ಶುರುವಾದ ಮೇಲೆ. ಆಗ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್‌ನವರು ಹಳ್ಳಿಗಳಿಗೆ ಬಂದರು. ಮಾಹಿತಿ ಹಕ್ಕಿನಲ್ಲಿ ಕಾಗದ ತೆಗೆದರು, ಊರೂರಲ್ಲಿ ಸಭೆ ಮಾಡಿ ಓದಿ ಹೇಳಿದರು, 2013ರಲ್ಲಿ ದೊಡ್ಡ ವರದಿ ತಂದರು. ಹಳ್ಳಿಯವರ ಹೋರಾಟ ಸಮಿತಿ ಎದ್ದಿತು. ಕೇಸು ಚೆನ್ನೈನ ಹಸಿರು ನ್ಯಾಯಮಂಡಳಿಗೆ ಹೋಯಿತು. ಕೆಲಸಕ್ಕೆ ಕೆಲಕಾಲ ತಡೆ ಸಿಕ್ಕಿತು, ನೋಡಿ ಬರಲು ಇಬ್ಬರು ತಜ್ಞರನ್ನು ಕಳಿಸಲಾಯಿತು. 2014ರ ಆಗಸ್ಟ್ 27ರ ತೀರ್ಪು ಷರತ್ತುಗಳ ಸಮೇತ ಯೋಜನೆಗಳಿಗೆ ದಾರಿ ಬಿಟ್ಟಿತು. 2017ರ ಮೇ 28ರಂದು ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲಿನಲ್ಲಿ ಇಸ್ರೋದ ಮರುಬಳಕೆಯ ರಾಕೆಟ್ ವಾಹನ ತಾನಾಗಿಯೇ ಬಂದು ಇಳಿದದ್ದು ಅದೇ ರನ್‌ವೇ ಮೇಲೆ. ಟಿವಿಯಲ್ಲಿ ನಾವೆಲ್ಲ ಚಪ್ಪಾಳೆ ಹೊಡೆದೆವು. ಹೊಡೆಯಬೇಕಾದದ್ದೇ. ಆ ರನ್‌ವೇ ಬಿದ್ದ ಜಾಗದಲ್ಲಿ ಯಾರ ಹಿಂಡು ಮೇಯುತ್ತಿತ್ತು ಎಂಬುದನ್ನೂ ಯಾರಾದರೂ ಹೇಳಿದ್ದರೆ ಚಪ್ಪಾಳೆಗೇನೂ ಕಡಿಮೆಯಾಗುತ್ತಿರಲಿಲ್ಲ.

ಚಳ್ಳಕೆರೆಯನ್ನೂ ಮಸಾಫರ್ ಯತ್ತಾವನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಅಲ್ಲಿರುವುದು ಸೇನೆಯ ಆಕ್ರಮಣ. ಅದು ಕಾನೂನುಬಾಹಿರ ಎಂದು ಅಂತಾರಾಷ್ಟ್ರೀಯ ನ್ಯಾಯಾಲಯ 2024ರ ಜುಲೈ 19ರ ಸಲಹಾ ಅಭಿಪ್ರಾಯದಲ್ಲಿ ಹೇಳಿದೆ. ಇಲ್ಲಿ ನಮ್ಮದೇ ಸರ್ಕಾರ, ನಮ್ಮದೇ ವಿಜ್ಞಾನಿಗಳು, ಮತ ಹಾಕುವ ಕುರುಬ. ಯಾರೂ ಅವನ ಹಟ್ಟಿಗೆ ಬೆಂಕಿ ಇಡಲಿಲ್ಲ. ಆದರೆ ಕಡತದಲ್ಲಿ ಆಗಿದ್ದು ಒಂದೇ: ಮೇಯುವ ನೆಲ ಖಾಲಿ ನೆಲವಾಗಿ ಬರೆಯಲ್ಪಟ್ಟಿತು. ಅಲ್ಲಿ ಬಂದು ನಿಂತವರು ಕಾಗದ ಹುಟ್ಟುವ ಗಳಿಗೆಯಲ್ಲಿ ಪಕ್ಕದಲ್ಲಿರುತ್ತಾರೆ. ಚಳ್ಳಕೆರೆಗೆ ಬಂದವರು ಕಾಗದ ಹುಟ್ಟಿ ಎಷ್ಟೋ ಕಾಲದ ಮೇಲೆ ಬಂದರು. ಅದು ಅವರ ತಪ್ಪಲ್ಲ. ಮಂಜೂರಾತಿ ಕಡತ ತಹಶೀಲಿಯ ಮೇಜಿನ ಮೇಲಿದ್ದಾಗ ಅದನ್ನು ಓದಬಲ್ಲವರು, ತಾಲೂಕಿನಲ್ಲಿ ಮಾತು ನಡೆಯುವವರು, ದನ ಮೇಯಿಸುವವರಿಗೆ ಒಂದು ಮಾತು ತಿಳಿಸಲಿಲ್ಲ.

ಇನ್ನು ನಮ್ಮ ಬಾಂದು. ಸೋಯಾ ಕೊಯ್ದ ಮೇಲೆ ಒಮ್ಮೆ, ತೊಗರಿ ಒಕ್ಕಿದ ಮೇಲೆ ಮತ್ತೊಮ್ಮೆ, ಮಹಾರಾಷ್ಟ್ರದ ಕಡೆಯಿಂದ ಧನಗರರು, ನಮ್ಮದೇ ದಕ್ಷಿಣದ ತಾಲೂಕುಗಳಿಂದ ಕುರುಬರು ಹಿಂಡು ಹೊಡೆದುಕೊಂಡು ಈ ದಾರಿಯಲ್ಲಿ ಬರುತ್ತಾರೆ. ನೀವೆಲ್ಲ ನೋಡಿದ್ದೀರಿ. ಮುಂದೆ ಕುದುರೆ, ಕುದುರೆಯ ಬೆನ್ನ ಮೇಲೆ ಪಾತ್ರೆ, ಹಾಸಿಗೆ, ಕೋಳಿ ಬುಟ್ಟಿ, ಅದರ ಮೇಲೊಂದು ಮಗು. ಆಗಷ್ಟೇ ಹುಟ್ಟಿದ ಮರಿ ಹೆಂಗಸಿನ ಕಂಕುಳಲ್ಲಿ. ಹೊಲದಲ್ಲಿ ಬಲೆ ಕಟ್ಟಿ ಹಟ್ಟಿ ಹಾಕುತ್ತಾರೆ. ನಾಯಿ ನಾಲ್ಕು ಮೂಲೆಗೆ ಮಲಗುತ್ತವೆ. ನಸುಕಿನಲ್ಲಿ ಮರಿಗಳನ್ನು ತಾಯಿಗೆ ಬಿಡುವ ಹೊತ್ತು ಒಮ್ಮೆ ಹೋಗಿ ನೋಡಿ. ನೂರಾರು ಮರಿ ಒಮ್ಮೆಲೇ ಕೂಗುತ್ತವೆ, ಹೆಚ್ಚುಕಡಿಮೆ ಪ್ರತಿ ಮರಿಯೂ ತನ್ನ ತಾಯಿಯನ್ನೇ ಹುಡುಕಿಕೊಳ್ಳುತ್ತದೆ, ಹುಡುಕದ ಎರಡು ಮೂರನ್ನು ಮಾತ್ರ ಆ ಹೆಂಗಸು ಕತ್ತಲಲ್ಲೇ ಗುರುತು ಹಿಡಿದು ಸರಿಯಾದ ಕೆಚ್ಚಲಿಗೆ ಹಚ್ಚುತ್ತಾಳೆ. ನನ್ನ ಅಜ್ಜನ ಕಾಲದಲ್ಲಿ ಹಟ್ಟಿ ಹಾಕಿಸಿಕೊಳ್ಳಲು ರೈತರಲ್ಲಿ ಪೈಪೋಟಿ. ರಾತ್ರಿಗಿಷ್ಟು ಜೋಳ ಅಂತ ಮಾತಾಡಿ, ಮುಂಗಡ ಕೊಟ್ಟು, ಒಂದೊಂದು ರಾತ್ರಿ ಹೊಲದ ಒಂದೊಂದು ಮಡಿಯಲ್ಲಿ ಕುರಿ ಕೂರಿಸುತ್ತಿದ್ದರು. ಮೂರು ವರ್ಷ ಆ ಮಡಿಯ ಜೋಳದ ತೆನೆ ಬೇರೆಯೇ ಇರುತ್ತಿತ್ತಂತೆ.

ಈಗ ಅದೇ ಹಿಂಡು ಕಂಡರೆ ಕಲ್ಲು. ಕಾರಣವಿಲ್ಲದೆ ಅಲ್ಲ. ಬೋರು ಬಂದು ಹೊಲ ಬೇಸಿಗೆಯಲ್ಲೂ ಹಸಿರಿರುತ್ತದೆ, ಕಡಲೆ ನಿಂತಿರುತ್ತದೆ, ಒಬ್ಬನ ತೊಗರಿ ಒಕ್ಕಿದ್ದರೆ ಪಕ್ಕದವನದು ಹಾಗೇ ಇರುತ್ತದೆ. ಕುರಿಗೆ ಸರ್ವೆ ನಂಬರು ತಿಳಿಯದು. ನಷ್ಟ ಆಗುವುದು ನಿಜ, ಕೇಳುವುದು ರೈತನ ಹಕ್ಕು. ಆದರೆ ಕೇಳುವ ಬಗೆ ಬದಲಾಗಿದೆ. ಹಿಂಡಿನಿಂದ ಎರಡು ಟಗರು ಎಳೆದುಕೊಂಡು ಹೋಗುವುದು, ರಾತ್ರಿ ಬೈಕಿನ ಮೇಲೆ ಬಂದು ಮರಿ ಎತ್ತುವುದು, ಹೆಂಗಸರಿದ್ದಾರೆ ಎಂಬುದನ್ನೂ ನೋಡದೆ ಬೈಯುವುದು, ಇವು ನಷ್ಟದ ವಸೂಲಿಯಲ್ಲ. ಕುರಿಗಾಹಿಗಳ ಮೇಲೆ ಹಲ್ಲೆ, ಕಳವು ಹೆಚ್ಚಾಗಿದೆ ಎಂಬ ಕೂಗು ರಾಜ್ಯದ ತುಂಬ ಎದ್ದ ಮೇಲೆಯೇ ವಲಸೆ ಕುರಿಗಾಹಿಗಳ ಕಲ್ಯಾಣ ಮತ್ತು ದೌರ್ಜನ್ಯದಿಂದ ರಕ್ಷಣೆಗೆಂದು ವಿಧಾನಮಂಡಲ 2025ರಲ್ಲಿ ಮಸೂದೆ ಪಾಸು ಮಾಡಿದ್ದು.

ಅವರು ಎಲ್ಲಿ ಮೇಯಿಸಬೇಕು? ಪ್ರತಿ ಊರಿಗೂ ಗಾಯರಾಣ, ಅಂದರೆ ಗೋಮಾಳ, ಇರಬೇಕು. ನೂರು ದನಕ್ಕೆ ಮೂವತ್ತು ಎಕರೆ ಎಂಬುದು ಭೂಕಂದಾಯ ನಿಯಮದ ಲೆಕ್ಕ. ಅದು ಎಲ್ಲಿ ಹೋಯಿತು ಎಂಬುದನ್ನು ಫಾರಂ 50, ಫಾರಂ 53, ಫಾರಂ 57 ಅಂತ ಎಣಿಸುತ್ತ ಹೋದರೆ ತಿಳಿಯುತ್ತದೆ. 1991ರಿಂದ 2018ರವರೆಗೆ ಮೂರು ಸಲ ಬಗರ್‌ಹುಕುಂ ಅರ್ಜಿಗೆ ಬಾಗಿಲು ತೆರೆಯಿತು. ನಿಜವಾದ ಭೂಹೀನರಿಗೆ ಎರಡೆಕರೆ ಸಿಕ್ಕಿದ್ದರೆ ನನ್ನ ತಕರಾರಿಲ್ಲ, ಅವರ ಹೊಟ್ಟೆಯೂ ಹೊಟ್ಟೆಯೇ. ಟ್ರ್ಯಾಕ್ಟರ್ ಇದ್ದವರು ಬಾಂದು ಒಡೆದು ಸೇರಿಸಿಕೊಂಡ ಲೆಕ್ಕ ಬೇರೆ. ಯಾವ ಊರು ಅಂತ ಹೇಳುವುದಿಲ್ಲ, ಹೇಳಿದರೆ ಪಟ್ಟಿ ಉದ್ದವಾಗುತ್ತದೆ. ಊರ ಸಾಮೂಹಿಕ ನೆಲದ ಒತ್ತುವರಿ ತೆರವು ಮಾಡಿ ಗ್ರಾಮಸಭೆ, ಪಂಚಾಯಿತಿಗೆ ಮರಳಿಸಿ ಎಂದು ಸುಪ್ರೀಂ ಕೋರ್ಟ್ 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಉಳಿದಿರುವ ಗಾಯರಾಣದಲ್ಲೂ ಪರವೂರ ಕುರಿಗಾಹಿಗೆ ಕಾಲಿಡುವ ಹಕ್ಕಿಲ್ಲ. 1964ರ ಭೂಕಂದಾಯ ಕಾಯ್ದೆಯ ಪ್ರಕಾರ ಪುಕ್ಕಟೆ ಮೇಯಿಸುವ ಹಕ್ಕು ಆಯಾ ಊರಿನ ದನಕ್ಕೆ ಮಾತ್ರ. ನಡೆಯುವುದೇ ಬದುಕಾದವನಿಗೆ ಯಾವ ಊರಿನ ಕಾವಲೂ ತನ್ನದಲ್ಲ.

ವಿಚಿತ್ರವೆಂದರೆ ದೇವರು ಒಬ್ಬನೇ. ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಗುಡಿಯಲ್ಲಿ ರೈತನೂ ಧನಗರನೂ ಒಂದೇ ಭಂಡಾರ ಹಣೆಗೆ ಹಚ್ಚಿಕೊಂಡು ಬರುತ್ತಾರೆ. ಜಾತ್ರೆಯಲ್ಲಿ ಪಕ್ಕ ಪಕ್ಕ ಕುಳಿತು ಉಂಡವರು ಬಾಂದಿನ ಮೇಲೆ ಎದುರು ಬದುರಾಗುತ್ತಾರೆ.

ಹಾಗಾದರೆ ಇಲ್ಲಿ ಪಕ್ಕ ನಿಲ್ಲಬೇಕಾದವರು ಯಾರು? ಬೆಂಗಳೂರಿನಿಂದ ಯುವಕರು ಬರಲಿ, ಒಳ್ಳೆಯದೇ. ಎರಡು ದಿನ ಫೋಟೋ ತೆಗೆದು ಹೋಗುತ್ತಾರೆ. ಈ ನಾಡಿನಲ್ಲಿ ಮೇಲುಗೈ ಇರುವವರು ಹೊಲವಿದ್ದವರು, ಅಂದರೆ ಈ ಸಭೆಯಲ್ಲಿ ಕುಳಿತಿರುವ ನಾವೇ. ಗುಡ್ಡದ ಮೇಲೆ ಶುಲ್ಮನ್ ಇರುವ ಜಾಗದಲ್ಲಿ ಇಲ್ಲಿ ಇರಬೇಕಾದವನು ಹತ್ತೆಕರೆ ತೊಗರಿ ಬೆಳೆಯುವ ರೈತ. ಅವನು ‘ಇವರು ನನ್ನ ಹೊಲದಾಗ ಅದಾರ, ನಾ ಕರಿಸೀನಿ’ ಅಂದರೆ ಬೈಕಿನ ಹುಡುಗರು ಹಿಂದೆ ಸರಿಯುತ್ತಾರೆ. ಹಾಗೆ ಅನ್ನುವವರು ಈಗಲೂ ಕೆಲವರಿದ್ದಾರೆ. ಅವರಿಗೆ ಯಾರೂ ಶಾಲು ಹೊದಿಸಿಲ್ಲ.

ದೊಡ್ಡ ಚಳವಳಿ ಬೇಕಿಲ್ಲ. ಗ್ರಾಮ ಪಂಚಾಯಿತಿಯ ಸಭೆಯಲ್ಲಿ ಯಾವ ಹೊಲ ಯಾವ ವಾರ ಖಾಲಿಯಾಗುತ್ತದೆ, ಹಿಂಡು ಯಾವ ದಾರಿಯಲ್ಲಿ ಹೋಗಬಹುದು, ನೀರು ಎಲ್ಲಿ ಕುಡಿಯಬಹುದು ಎಂಬುದನ್ನು ಮೊದಲೇ ಗೊತ್ತುಮಾಡಬಹುದು. ಬೆಳೆ ನಷ್ಟವಾದರೆ ಬೆಲೆ ಕಟ್ಟಲು ಇಬ್ಬರು ಹಿರಿಯರು ಸಾಕು, ಟಗರು ಎಳೆಯಬೇಕಿಲ್ಲ. ಗಾಯರಾಣದ ಸರ್ವೆ ನಂಬರುಗಳನ್ನು ಪಂಚಾಯಿತಿಯ ಗೋಡೆಗೆ ಬರೆಸಬಹುದು. ಇದಕ್ಕೆ ಸರ್ಕಾರದ ಯೋಜನೆ ಬೇಡ, ಒಂದು ಡಬ್ಬಿ ಬಣ್ಣ ಬೇಕು. ಬರೆಸಿದ ಮರುದಿನ ಯಾರು ಅಳಿಸಲು ಬರುತ್ತಾರೆ ಎಂಬುದರಿಂದಲೂ ಎಷ್ಟೋ ತಿಳಿಯುತ್ತದೆ.

ಎಲ್ಲಕ್ಕಿಂತ ಮೊದಲು ಪೊಲೀಸ್ ಠಾಣೆ. ಮರಿ ಕಳವಾದ ಕುರಿಗಾಹಿ ದೂರು ಕೊಡುವುದಿಲ್ಲ, ಕೊಟ್ಟರೂ ಬೆನ್ನು ಹತ್ತಲಾರ. ವಿಳಾಸ ಕೇಳಿದರೆ ಮುನ್ನೂರು ಕಿಲೋಮೀಟರ್ ಆಚೆಯ ಊರು ಹೇಳುತ್ತಾನೆ. ಭಾಷೆ ಅರ್ಧ ಮರಾಠಿ. ನಾಳೆ ಪಂಚನಾಮೆಗೆ ಬಾ ಅಂದರೆ ನಾಳೆ ಅವನ ಹಿಂಡು ಎರಡು ಊರು ಮುಂದಿರುತ್ತದೆ, ಮೇವು ಮುಗಿದ ಹೊಲದಲ್ಲಿ ಇನ್ನೂರು ಕುರಿ ಉಪವಾಸ ಕೆಡವಿ ಅವನು ಕಾಯಲಾರ. ಹೊಸ ಕಾನೂನು ಎಷ್ಟೇ ಗಟ್ಟಿಯಿದ್ದರೂ ಈ ಒಂದು ದಿನವನ್ನು ಅದು ದಾಟಿಸಲಾರದು. ಪಂಚನಾಮೆಗೆ ಆ ಊರಿನ ಪಂಚರೇ ಬೇಕು. ಸಹಿ ಹಾಕಿ, ವಾಯಿದೆಗೆ ಬೀದರಿಗೋ ಔರಾದಿಗೋ ಹೋಗಿ, ‘ಹೌದು, ನನ್ನ ಹೊಲದಾಗಿಂದನೇ ಕದ್ದಾರ’ ಅಂತ ಹೇಳುವ ಇಬ್ಬರು. ಮುಂದಿನ ಹಿಂಡು ತೊಗರಿ ಒಕ್ಕಿದ ಮೇಲೆ ಬರುತ್ತದೆ.